ಬಂಡೆಗೆ ಸುಣ್ಣದ ಪಟ್ಟಿ ಹಾಕಿದವನು

ಬಳ್ಳಾರಿಯ ದಂಡಿನ ಬಜಾರಿನಾಚೆ, ಕಲ್ಲುಗುಡ್ಡದ ಬುಡದಿಂದ ಇನ್ನೂರು ಹೆಜ್ಜೆ ಈಚೆಗೆ, ಬಟ್ಟಬಯಲಿನಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಗವಿ ಇದೆ. ಹೊಸಬರು ಅದನ್ನು ನೋಡಿ, ಬೆನ್ನಿಗೆ ಅಷ್ಟು ದೊಡ್ಡ ಗುಡ್ಡವಿರುವಾಗ ಬಯಲಲ್ಲಿ ಕಲ್ಲು ಪೇರಿಸಿ ಗವಿ ಯಾಕೆ ಮಾಡಿದರು ಎಂದು ಕೇಳುವುದುಂಟು. ಹಬ್ಬಕ್ಕೆ ಬರುವ ಹೆಂಗಸರ ಬಳಿ ಉತ್ತರ ಸಿದ್ಧವಾಗಿದೆ. ಅಮ್ಮನವರು ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಗುಡ್ಡವಿಳಿದು, ತಾವೇ ನಡೆದು ಬಂದು ಇಲ್ಲಿ ನಿಂತರಂತೆ.

ನಡೆದು ಬರಲಿಲ್ಲ. ಒಬ್ಬ ಮನುಷ್ಯ ಬೆನ್ನ ಮೇಲೆ ಹೊತ್ತು ತಂದ. ಅದಕ್ಕಾಗಿ ಜನ ಅವನನ್ನು ಹೊಡೆದರು. ಹೊಡೆಯುವಾಗ ನಾನು ಹತ್ತು ಮಾರು ದೂರದಲ್ಲಿ ನಿಂತಿದ್ದೆ.

ಹೋದ ವಾರ ಸಿರುಗುಪ್ಪದಿಂದ ಅವನ ಅಳಿಯ ಸಂತೆಗೆಂದು ಬಂದವನು, ಸತ್ಯನಾರಾಯಣಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದು, ಮಾವ ತೀರಿಹೋದ ಸುದ್ದಿ ಹೇಳಿ ಹೋದ. ಅಂದಿನಿಂದ ಬರೆಯಬೇಕೆಂದು ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಗುಡ್ಡದ ಮೇಲಿನ ಮೊದಲ ಗವಿ ಮುಗಿದಾಗ ಒಂದು ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸೋಣ ಎಂದು ಪಾದ್ರಿಗಳು ಅಂದಿದ್ದರು. ಅವನು ಒಪ್ಪಿರಲಿಲ್ಲ. "ಬ್ಯಾಡ್ರಿ. ನಾಳೆ ಏನರ ಆದ್ರ ಹೆಸರು ಹಿಡಕೊಂಡು ಬೈತಾರ," ಎಂದಿದ್ದ.

ಆಗ ನನಗೆ ಇಪ್ಪತ್ತಾರು ವರ್ಷ. ಪಾದ್ರಿಗಳ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ. ಹಳೆಯ ಪಾದ್ರಿಗಳು ವರ್ಗವಾಗಿ ಹೋಗಿ, ಫ್ರಾನ್ಸ್ ದೇಶದ ಹೊಸಬರೊಬ್ಬರು ಬಂದಿದ್ದರು. ಅವರಿಗೆ ಇಲ್ಲಿನ ಮಾತು ಬರುತ್ತಿರಲಿಲ್ಲ. ಸಂಜೆ ಒಂದು ತಾಸು ಅವರಿಗೆ ಕನ್ನಡ ಹೇಳಿಕೊಡುವುದು, ಉಳಿದ ಹೊತ್ತು ಅವರ ಇಂಗ್ಲಿಷನ್ನು ಜನರಿಗೂ ಜನರ ಮಾತನ್ನು ಅವರಿಗೂ ಮುಟ್ಟಿಸುವುದು ನನ್ನ ಪಾಲಿಗೆ ಬಂದಿತ್ತು. ವೈಷ್ಣವರ ಮನೆಯ ಹುಡುಗ ಪಾದ್ರಿಯ ಹಿಂದೆ ತಿರುಗುತ್ತಾನೆಂದು ಕೇರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಪಾದ್ರಿಗಳು ಒಳ್ಳೆಯವರೇ, ಆದರೆ ತಾಳ್ಮೆ ಕಡಿಮೆ. ಶಕುನ, ಭೂತ, ಗಾಳಿ ಎಂಬ ಮಾತು ಕಿವಿಗೆ ಬಿದ್ದರೆ ಸಿಡಿಯುತ್ತಿದ್ದರು. ಗೂಬೆ ಕೂಗಿತೆಂದು ಒಂದು ಮನೆಗೆ ಹೋಗದ ಉಪದೇಶಿಯನ್ನು ಅಂದೇ ಕೆಲಸದಿಂದ ಬಿಡಿಸಿದ್ದರು. ಆ ಸಂಗತಿ ನನ್ನ ಮನಸ್ಸಿನಲ್ಲಿ ಚೆನ್ನಾಗಿ ಕೂತಿತ್ತು.

ಗುಡ್ಡದ ನಡುಮಟ್ಟದಲ್ಲಿ, ಮನೆಗಾತ್ರದ ಒಂದು ಬಂಡೆ ಮುಂದಕ್ಕೆ ಬಾಗಿ ನಿಂತು, ಅದರ ಕೆಳಗೆ ಹತ್ತು ಜನ ಕೂರುವಷ್ಟು ಪೊಳ್ಳು ಇತ್ತು. ಬರಗಾಲದ ವರ್ಷಗಳ ವಾಂತಿಭೇದಿಯಲ್ಲಿ ಗಂಡನನ್ನೂ ಎರಡು ಮಕ್ಕಳನ್ನೂ ಕಳೆದುಕೊಂಡ ಒಬ್ಬ ಹೆಂಗಸು ಅಲ್ಲಿ ಅಮ್ಮನವರ ಕಾಗದದ ಪಟವೊಂದನ್ನು ಬಂಡೆಗೆ ಅಂಟಿಸಿದ್ದಳು. ಗಂಡ ಪಲ್ಟಣದಲ್ಲಿ ನಗಾರಿ ಬಾರಿಸುತ್ತಿದ್ದವನು. ನಾನು ಕಂಡಾಗಲೇ ಅವಳು ಮುದುಕಿ. ದಿನಾ ಮಧ್ಯಾಹ್ನ ಹತ್ತಿ ಹೋಗಿ ಒಂದು ಎಣ್ಣೆದೀಪ ಹಚ್ಚಿ, ಜಪಮಾಲೆ ಮುಗಿಸಿ ಇಳಿಯುತ್ತಿದ್ದಳು. ನೋಡನೋಡುತ್ತ ಬೇರೆಯವರೂ ಹೋಗತೊಡಗಿದರು. ಕ್ರಿಸ್ತುವರು ಮೇಣದಬತ್ತಿ ತಂದರೆ, ನಮ್ಮವರು ತೆಂಗಿನಕಾಯಿ ತರುತ್ತಿದ್ದರು. ಇದನ್ನು ಕಂಡ ಪಾದ್ರಿಗಳು, ತಮ್ಮ ದೇಶದಲ್ಲಿ ಅಮ್ಮನವರು ಕಾಣಿಸಿಕೊಂಡರೆನ್ನುವ ಗವಿಯಂಥದನ್ನು ಇಲ್ಲೇ ಕ್ರಮವಾಗಿ ಕಟ್ಟಬೇಕೆಂದು ನಿಶ್ಚಯಿಸಿದರು. ಎದೆಯೆತ್ತರದ ಪ್ರತಿಮೆ ಮದ್ರಾಸಿಗೆ ಹಡಗಿನಲ್ಲಿ ಬಂದು, ಅಲ್ಲಿಂದ ರೈಲಿನಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಬಳ್ಳಾರಿಗೆ ಬಂತು. ಕಟ್ಟುವವನು ಮಾತ್ರ ಸಿಕ್ಕಿರಲಿಲ್ಲ.

ಕುರುಗೋಡಿನಲ್ಲಿ ಒಳ್ಳೆಯ ಕಲ್ಲುಕೆಲಸದವನಿದ್ದಾನೆಂದು ಯಾರೋ ಹೇಳಿದರು. ಪಾದ್ರಿಗಳೂ ನಾನೂ ಬಂಡಿ ಕಟ್ಟಿಸಿಕೊಂಡು ಹೋದೆವು. ಅವನು ಬೇವಿನ ಮರದ ಕೆಳಗೆ ಕೂತು ಬೀಸುವ ಕಲ್ಲಿಗೆ ಉಳಿಯಿಂದ ಸಾಲು ಸಾಲಾಗಿ ಹಲ್ಲು ಕೊರೆಯುತ್ತಿದ್ದ. ಮೋಟು ಆಳು, ಅಗಲ ಹೆಗಲು, ಕಲ್ಲಿನ ಪುಡಿ ಕೂತು ಹುಬ್ಬೆಲ್ಲ ಬಿಳಿ. ಬಿಳಿಯ ದೊರೆ ಬಂದರೆ ಎದ್ದು ನಿಲ್ಲುವ ಕಾಲವದು. ಅವನು ಕೈಯಲ್ಲಿದ್ದ ಸಾಲು ಮುಗಿಸಿಯೇ ಎದ್ದ. ಎದ್ದ ಮೇಲೆ ನೆಲದ ಮೇಲಿದ್ದ ಉಳಿಗಳನ್ನು ದಾಟದೆ, ಸುತ್ತಿಕೊಂಡು ಬಂದು ಕೈಮುಗಿದ. ಅವನಿಗೆ ಏನು ಕೇಳಿದರೂ ಹೂಂ ಎಂದು ಬಾಯಿಂದ ಬರುತ್ತಿರಲಿಲ್ಲ. "ನೋಡೋಣ್ರಿ" ಎಂಬುದೇ ಅವನ ಹೂಂ. ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ. ಎಣಿಸುವಾಗ ಮಾತ್ರ ಉರ್ದು.

ಅವನು ಬಳ್ಳಾರಿಗೆ ಬಂದು ಗುಡ್ಡ ಹತ್ತಿದ ದಿನ ಕಣ್ಣಿಗೆ ಕಟ್ಟಿದಂತಿದೆ. ಬೇಸಿಗೆಯ ನಡುಹಗಲು. ಗುಡ್ಡವೆಲ್ಲ ಕಾದ ಹೆಂಚಾಗಿತ್ತು. ಬಂಡೆಯ ಕೆಳಗೆ ಮಾತ್ರ ತಣ್ಣನೆ ನೆರಳು. ಪಾದ್ರಿಗಳು ಸಂತೋಷದಿಂದ ಪ್ರತಿಮೆ ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ಕೋಲಿನಿಂದ ತೋರಿಸುತ್ತಿದ್ದರು. ಅವನು ಅದನ್ನು ನೋಡಲಿಲ್ಲ. ಸಣ್ಣ ಸುತ್ತಿಗೆಯಿಂದ ಬಂಡೆಯನ್ನು ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿದ. ಆಮೇಲೆ ನೆಲ ನೋಡುತ್ತ ಸುತ್ತ ತಿರುಗಿದ.

"ಆಚಾರ್ರ, ಇಷ್ಟು ನೆಳ್ಳೈತಿ," ಎಂದ ನನಗೆ. "ಗುಡ್ಡದಾಗ ಇನ್ನೆಲ್ಲೂ ಇಲ್ಲ. ಇಲ್ಲಿ ಒಂದು ಆಡಿನ ಹಿಕ್ಕಿ ತೋರಸ್ರಿ ನೋಡೋಣ."

ನಾನು ನೋಡಿದೆ. ಗುಡ್ಡದ ತುಂಬ ಆಡು ಮೇಯುತ್ತಿದ್ದವು. ಆ ನೆರಳಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ.

"ಹಿಂದ್ಗಡೆ ಬರ್ರಿ." ಬಂಡೆಯ ಬೆನ್ನಿಗೆ ಕರೆದೊಯ್ದು ತೋರಿಸಿದ. ಗುಡ್ಡಕ್ಕೂ ಬಂಡೆಗೂ ನಡುವೆ ಕೂದಲೆಳೆಯಂಥ ಸೀಳು, ಮೇಲಿನಿಂದ ಕೆಳಗಿನವರೆಗೆ ಇಳಿದಿತ್ತು. "ಇದು ಗುಡ್ಡ ಬಿಟ್ಟೈತ್ರಿ. ಯಾವಾಗ ಬರತೈತೋ ಹೇಳಾಕ ಬರಂಗಿಲ್ಲ. ಬರೋದು ಮಾತ್ರ ಖರೆ. ದೊರಿಗೆ ಹೇಳ್ರಿ, ಈ ಜಾಗ ಬ್ಯಾಡ. ಇಲ್ಲಾಂದ್ರ ಒಂದು ಬ್ಯಾಸಗಿ ಪೂರಾ ಕೊಡ್ರಿ, ಮ್ಯಾಲಿಂದ ಒಂದೊಂದು ಚಪ್ಪಡಿ ಸೀಳಿ ಇಳಸ್ತೀನಿ. ಆದ್ರ ಆಮ್ಯಾಲೆ ಗವಿ ಉಳ್ಯಂಗಿಲ್ಲ."

ಪಾದ್ರಿಗಳು ನನ್ನತ್ತ ತಿರುಗಿ, "ಏನನ್ನುತ್ತಾನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರ ಮುಖದಲ್ಲಿ ಇನ್ನೂ ಆ ಸಂತೋಷವಿತ್ತು. ಆಡು ಮಲಗದ ಜಾಗ, ಗುಡ್ಡ ಬಿಟ್ಟ ಬಂಡೆ. ಇದೆಲ್ಲ ಕಲ್ಲೊಡೆಯುವವರ ಅಂಜಿಕೆಯ ಕಥೆ ಎಂದು ನನಗೂ ಅನ್ನಿಸಿತು. ಅದನ್ನು ನನ್ನ ಬಾಯಿಂದ ಹೇಳಿ ಅವರ ಮುಂದೆ ಸಣ್ಣವನಾಗಲು ಮನಸ್ಸಾಗಲಿಲ್ಲ.

"ಜಾಗ ಕಷ್ಟದ್ದು, ಕೆಲಸ ನಿಧಾನವಾಗುತ್ತದೆ ಅನ್ನುತ್ತಾನೆ," ಎಂದೆ.

"ಆಗಲಿ. ಅವಸರವಿಲ್ಲ. ನಡೆಸಲಿ."

ಅವನು ನನ್ನನ್ನೇ ನೋಡುತ್ತಿದ್ದ. "ಹೇಳಿದ್ರ್ಯಾ?"

"ಹೇಳಿದೆ."

"ಏನಂದ್ರು?"

"ನಡೆಸು ಅಂದ್ರು."

ಅವನು ಪಾದ್ರಿಗಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. ಎಲ್ಲ ತಿಳಿದೂ ನಡೆಸು ಎಂದ ಮೊಂಡನೆಂದು ಅಂದುಕೊಂಡಿರಬೇಕು. ಬಿಟ್ಟು ಹೋಗಿಬಿಡುತ್ತಾನೆಂದು ನನಗನ್ನಿಸಿತ್ತು. ಹೋಗಲಿಲ್ಲ. ಯಾಕೆಂದು ಎಷ್ಟೋ ದಿನದ ಮೇಲೆ ಕೇಳಿದಾಗ, "ನಾ ಹ್ವಾದ್ರ ಇನ್ನೊಬ್ಬಾಂವ ಬರತಾನ. ಅವಗ ಗೊತ್ತಾಗಲಿಲ್ಲಂದ್ರ?" ಎಂದ.

ಕೆಲಸ ಹಿಡಿದವನು ಮೊದಲು ಮಾಡಿದ್ದು ಗವಿಯದಲ್ಲ. ಸುಣ್ಣಕ್ಕೆ ಬೆಲ್ಲದ ನೀರು ಕಲಸಿ, ಬಂಡೆಯ ಬೆನ್ನಿನ ಸೀಳಿಗೆ ಅಡ್ಡಲಾಗಿ ಬೆರಳಗಲದ ಒಂದು ಪಟ್ಟಿ ಬಳಿದ. ಬಂಡೆ ಎಳ್ಳಷ್ಟು ಅಲುಗಿದರೂ ಒಣಗಿದ ಸುಣ್ಣ ಬಿರಿಯಬೇಕು. ದಿನಾ ಬೆಳಿಗ್ಗೆ ಅದನ್ನು ನೋಡಿದ ಮೇಲೆಯೇ ಆಳುಗಳನ್ನು ಕೆಳಗೆ ಬಿಡುತ್ತಿದ್ದ. ಮೊದಲ ಪಟ್ಟಿ ಬೇಸಿಗೆಯೆಲ್ಲ ತಡೆಯಿತು. ಹಾಗೇ ಗವಿಯೂ ಎದ್ದಿತು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವನು ಕೂಡಿಸಿದ ಕಲ್ಲು ಯಾವುದು, ಗುಡ್ಡದ ಕಲ್ಲು ಯಾವುದು ಎಂದು ಪಾದ್ರಿಗಳಿಗೇ ಗೊತ್ತಾಗಲಿಲ್ಲ. ಬುತ್ತಿ ತರುವ ಅವನ ಹೆಂಡತಿ ಮಾತ್ರ ಆ ನೆರಳಿಗೆ ಕಾಲಿಡುತ್ತಿರಲಿಲ್ಲ. ಬಿಸಿಲಲ್ಲಿ ಸೆರಗು ಹೊದ್ದು ನಿಂತು, ಗಂಡ ಹೊರಗೆ ಬಂದ ಮೇಲೆ ರೊಟ್ಟಿ ಬಿಚ್ಚುತ್ತಿದ್ದಳು.

ಮುದುಕಿಗೂ ಅವನಿಗೂ ಚೆನ್ನಾಗಿ ಹೊಂದಿಕೆಯಾಯಿತು. ಇಬ್ಬರದೂ ಮನೆಮಾತು ತೆಲುಗು. ಅವಳು ಅವನನ್ನು ಮಗನನ್ನು ಕರೆದಂತೆ "ನಾಯನಾ" ಎನ್ನುವಳು, ಅವನು "ಅವ್ವಾ" ಎನ್ನುವನು. ಅವಳು ದೀಪ ಹಚ್ಚುವಾಗ ಅವನು ಸುತ್ತಿಗೆ ನಿಲ್ಲಿಸುತ್ತಿದ್ದ. ಅದು ಭಕ್ತಿ ಎಂದುಕೊಂಡಿದ್ದೆ. ಅವಳು ಕೆಳಗಿರುವಷ್ಟು ಹೊತ್ತು ಬಂಡೆಗೆ ಪೆಟ್ಟು ಬೀಳಬಾರದೆಂದು ನಿಲ್ಲಿಸುತ್ತಿದ್ದನೆಂದು ಆಮೇಲೆ ತಿಳಿಯಿತು.

"ಅವ್ವಾ, ನಿನ್ನ ಪಟಾನ ಕೆಳಗ ಗುಡಿಯಾಗ ಇಟ್ಕೊಳ್ಳಬಾರದಾ?" ಎಂದು ಒಂದು ದಿನ ಕೇಳಿದ.

"ಬಂಡೆಗೆ ಅಂಟಿಬಿಟ್ಟೈತಿ ನಾಯನಾ. ಕೀಳಾಕ ಹೋದ್ರ ಹರೀತೈತಿ," ಎಂದಳು ಅವಳು.

ಪ್ರತಿಮೆ ಕೂರಿಸಿದ ದಿನ ದೊಡ್ಡ ಜಾತ್ರೆಯಂತೆ ಜನ. ಪಲ್ಟಣದ ಬ್ಯಾಂಡು ಬಂದಿತ್ತು. ಎಲ್ಲರೂ ಅಮ್ಮನವರ ಕಡೆ ಮುಖ ಮಾಡಿ ನಿಂತಿದ್ದರೆ, ಅವನೊಬ್ಬ ತಲೆಯೆತ್ತಿ ಬಂಡೆಯನ್ನು ನೋಡುತ್ತಿದ್ದ. ಬ್ಯಾಂಡಿನ ದೊಡ್ಡ ನಗಾರಿ ಬಿದ್ದಾಗಲೆಲ್ಲ ಅವನ ಭುಜ ಒಮ್ಮೆ ಕುಗ್ಗುತ್ತಿತ್ತು.

ಆಮೇಲೆ ಮಳೆ ಹಿಡಿಯಿತು. ಬಳ್ಳಾರಿಯ ಮಳೆ ಹೆಚ್ಚಿನದಲ್ಲ. ಆ ವರ್ಷ ಮಾತ್ರ ದಿನ ಬಿಟ್ಟು ದಿನ ಬಂತು. ಕೆಲಸ ಮುಗಿದಿದ್ದರೂ ಅವನು ಊರಿಗೆ ಹೋಗದೆ ಗುಡ್ಡದ ಕೆಳಗೇ ಗುಡಿಸಲು ಹಾಕಿಕೊಂಡು, ಕುಡತಿನಿಯ ಕಡೆಯ ಕಲ್ಲುಕೆಲಸಕ್ಕೆ ಹೋಗಿ ಬರುತ್ತಿದ್ದ. ಒಂದು ಬೆಳಿಗ್ಗೆ ಶಾಲೆಯ ಬಾಗಿಲಿಗೆ ಬಂದು ನಿಂತ.

"ಪಟ್ಟಿ ಒಡೀತ್ರಿ."

ಹೋಗಿ ನೋಡಿದೆ. ಬಿಳಿಯ ಸುಣ್ಣದ ನಡುವೆ ಕರಿಯ ಗೆರೆ. ಅದರ ಪಕ್ಕದಲ್ಲಿ ಹೊಸ ಪಟ್ಟಿ ಬಳಿದ. ಒಂಬತ್ತನೆಯ ದಿನಕ್ಕೆ ಅದೂ ಒಡೆಯಿತು. ಮತ್ತೊಂದು ಬಳಿದ. ನಾಲ್ಕು ದಿನಕ್ಕೆ ಒಡೆಯಿತು. ಅಮ್ಮನವರ ಹುಟ್ಟುಹಬ್ಬಕ್ಕೆ ಆಗ ಮೂರೇ ದಿನ. ಸುತ್ತಲಿನ ಊರುಗಳಿಂದ ಜನ ಬರುವುದಿತ್ತು. ಅವನು ನನ್ನ ಕಿರುಬೆರಳು ಹಿಡಿದು ಸೀಳಿನೊಳಗೆ ಇಳಿಸಿದ. ಬೇಸಿಗೆಯಲ್ಲಿ ಉಗುರೂ ಹೋಗದ ಸೀಳು. ಬೆರಳು ಗೆಣ್ಣಿನವರೆಗೆ ಹೋಯಿತು. ಒಳಗೆ ತಣ್ಣಗೆ, ಒದ್ದೆ. ಬೆರಳನ್ನು ಸರಕ್ಕನೆ ಎಳೆದುಕೊಂಡೆ.

"ಇವತ್ತರ ಸರಿಯಾಗಿ ಹೇಳ್ರಿ ಆಚಾರ್ರ. ಹಬ್ಬದ ದಿನ ಇದರ ಕೆಳಗ, ಮುಂದ ನೂರಾರು ಮಂದಿ ಕುಂದರ್ತಾರ. ಕೂಸು ಕುನ್ನಿ ಇರತಾವ."

ಹೋದೆ. ಪಾದ್ರಿಗಳು ಹಬ್ಬದ ಬತ್ತಿಗಳನ್ನು ಜೋಡಿಸುತ್ತಿದ್ದರು. ಇರುವುದನ್ನೆಲ್ಲ ಹೇಳಿದರೆ ಮೊದಲ ದಿನ ಹೇಳದಿದ್ದದ್ದನ್ನೂ ಹೇಳಬೇಕು. ಇಷ್ಟು ತಿಂಗಳು ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ ಏನು ಹೇಳಲಿ? ಬಾಗಿಲಲ್ಲಿ ನಿಂತು, "ಮಳೆಗೆ ಬಂಡೆಯ ಹಿಂದೆ ಸ್ವಲ್ಪ ಬಿರುಕು ಕಾಣುತ್ತಿದೆಯಂತೆ. ಹಬ್ಬ ಆದ ಮೇಲೆ ಒಮ್ಮೆ ನೋಡಿದರೆ ಒಳ್ಳೆಯದು," ಎಂದೆ.

"ಖಂಡಿತ, ಹಬ್ಬ ಆಗಲಿ," ಎಂದರು.

ಹೊರಗೆ ಕಾಯುತ್ತಿದ್ದ ಅವನಿಗೆ, "ಹಬ್ಬ ಆದ್ಮ್ಯಾಲೆ ನೋಡೋಣ ಅಂದ್ರು," ಎಂದೆ. ಅವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೊಡವಿ, ಮತ್ತೆ ಸುತ್ತಿಕೊಂಡು ಹೋದ.

ಹಬ್ಬದ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಗದ್ದಲ ಕೇಳಿ ಓಡಿದೆ. ಗವಿ ಬರಿದಾಗಿತ್ತು. ಮೆಟ್ಟಿಲಿಗೆ ಅಡ್ಡಲಾಗಿ ಮುಳ್ಳುಕಂಟಿ ಎಳೆದಿತ್ತು. ಕೆಳಗೆ ಬಯಲಿನಲ್ಲಿ, ಕಂಬಳಿ ಹಾಸಿದ ಚಪ್ಪಡಿಯ ಮೇಲೆ ಅಮ್ಮನವರು ನಿಂತಿದ್ದರು. ಪಕ್ಕದಲ್ಲಿ ಅವನು ಕುಕ್ಕರಗಾಲಲ್ಲಿ ಕೂತಿದ್ದ, ಹಿಂದೆ ಅವನ ಹೆಂಡತಿ. ಅವನ ಬೆನ್ನ ಮೇಲೆ ಹಗ್ಗದ ಗುರುತು ಕೆಂಪಗೆ ಮೂಡಿತ್ತು.

ಜನ ಸೇರಿದರು. ಕ್ರಿಸ್ತುವನಲ್ಲದವನು, ಕಲ್ಲೊಡೆಯುವವನು, ಅಮ್ಮನವರನ್ನು ಮುಟ್ಟಿ ಕಿತ್ತು ತಂದಿದ್ದಾನೆ! ಯಾರೋ ಒಬ್ಬ "ಕದೀತಿದ್ದ, ಸಿಕ್ಕಿಬಿದ್ದ!" ಎಂದು ಕೂಗಿದ. ಅವನು ಎದ್ದು, "ಕದಿಯೋನಾಗಿದ್ರ ಇಲ್ಲೇ ಯಾಕ ಕುಂದರ್ತಿದ್ದೆ? ಇವತ್ತು ಮ್ಯಾಲೆ ಹೋಗಬ್ಯಾಡ್ರಪ್ಪ. ಇಲ್ಲೇ ಕೈಮುಗೀರಿ," ಎಂದ. ಮೊದಲ ಏಟು ಬಿದ್ದದ್ದು ಆಗ. ಅವನು ಕೈಯೆತ್ತಿ ತಿರುಗಿ ಹೊಡೆಯಲಿಲ್ಲ. ಬಲಗೈಯನ್ನು ಅಡ್ಡ ಹಿಡಿದು ತಲೆ ಕಾಯ್ದುಕೊಂಡ. ಬಂಡಿಯ ಗೂಟ ಆ ಕೈಯ ಮೇಲೆಯೇ ಮತ್ತೆ ಮತ್ತೆ ಬಿತ್ತು. ಮೂಳೆ ಮುರಿದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಜನರ ಮಾತು ನನಗೆ ಬರುತ್ತಿತ್ತು. ನಿಲ್ಲಿಸಿ ಎನ್ನಲು ಒಂದು ಶಬ್ದ ಸಾಕಿತ್ತು. ಅದನ್ನೂ ನಾನು ಆಡಲಿಲ್ಲ.

ಬಿಡಿಸಿದ್ದು ಮುದುಕಿ. ಅವನ ಮೇಲೆ ಅಡ್ಡ ಬಿದ್ದು, "ನನ್ನನ್ನು ಹೊಡೀರಿ ಮೊದಲು!" ಎಂದು ಕಿರುಚಿದಳು. ಅಷ್ಟರಲ್ಲಿ ಪಾದ್ರಿಗಳು ಓಡಿ ಬಂದರು. ಮುಖ ಸುಣ್ಣದಂತಾಗಿತ್ತು.

"ಯಾಕೆ ಹೀಗೆ ಮಾಡಿದ? ಕೇಳು," ಎಂದರು ನನಗೆ.

ನಾನು ಕೇಳಿದೆ. ಅವನು ಮಣ್ಣಿನಲ್ಲಿ ಕೂತು ನನ್ನ ಕಡೆ ನೋಡಿದ. "ನೀವಽ ಹೇಳ್ರಿ ಆಚಾರ್ರ. ನಿಮಗೆಲ್ಲ ಗೊತ್ತೈತಲ್ಲ."

ಆಗ ಹೇಳಿದೆ. ಆಡಿನ ಹಿಕ್ಕೆಯಿಂದ ಹಿಡಿದು ಒಡೆದ ಪಟ್ಟಿಗಳವರೆಗೆ ಎಲ್ಲ. ಬೇಸಿಗೆಯಲ್ಲೇ ಅವನು ಎಚ್ಚರಿಸಿದ್ದ, ನಾನು ತಿರುಚಿ ಹೇಳಿದೆ ಎಂಬುದನ್ನೂ ಹೇಳಿದೆ. ಪಾದ್ರಿಗಳು ನನ್ನನ್ನು ಬಯ್ಯಲಿಲ್ಲ. ಒಬ್ಬರೇ ಗುಡ್ಡ ಹತ್ತಿ, ಬಂಡೆಯ ಹಿಂದೆ ಹೋಗಿ ಬಹಳ ಹೊತ್ತು ನಿಂತರು. ಇಳಿದು ಬಂದು ಆ ದಿನದ ಪೂಜೆಯನ್ನು ಬಯಲಿನಲ್ಲೇ ನಡೆಸಿದರು.

ಬಂಡೆ ಅಂದು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಅವನ ಹೆಂಡತಿ ಅವನನ್ನು ಬಂಡಿಯಲ್ಲಿ ಹಾಕಿಕೊಂಡು ತವರೂರು ಬಾದನಹಟ್ಟಿಗೆ ಕರೆದೊಯ್ದಳು. ಅಲ್ಲಿ ಮೂಳೆ ಕೂಡಿಸುವವನೊಬ್ಬನಿದ್ದ. ಹೊರಡುವಾಗ ಮುದುಕಿ ಸೀರೆ ಹರಿದು ಅವನ ಕೈ ಕಟ್ಟುತ್ತಿದ್ದಳು. ಅವನು ಹಲ್ಲು ಕಚ್ಚಿ ಹೇಳುತ್ತಿದ್ದದ್ದು ಒಂದೇ: "ಅವ್ವಾ, ಮ್ಯಾಲೆ ಹೋಗಬ್ಯಾಡ."

"ಹೋಗಂಗಿಲ್ಲ ನಾಯನಾ. ನೀ ಮಲಕ್ಕ."

ಮಳೆ ನಿಂತಿತು. ನವರಾತ್ರಿ ಹೋಯಿತು, ದೀಪಾವಳಿ ಬಂತು. ಮಳೆಯಲ್ಲೇ ಬೀಳದ ಬಂಡೆ ಇನ್ನೇನು ಬಿದ್ದೀತು ಎಂದು ಜನ ನಗತೊಡಗಿದರು. ಮೇಲಿನಿಂದ ಸೀಳಿ ಇಳಿಸಲು ಬೇರೆ ಕಲ್ಲುಕುಟಿಗರನ್ನು ಕರೆಸಿದರೆ, ಬಂದು ನೋಡಿ ಹಾಗೇ ತಿರುಗಿ ಹೋದರು. ಪಾದ್ರಿಗಳು ಹಾಕಿಸಿದ ಮುಳ್ಳುಬೇಲಿಯಲ್ಲಿ ಒಂದು ಕಡೆ ಒಬ್ಬರು ನುಸುಳುವಷ್ಟು ಸಂದಿಯಾಗಿತ್ತು. ನಾನು ಅದನ್ನು ನೋಡಿದ್ದೆ. ಯಾರದೆಂದು ಊಹಿಸಿಯೂ ಇದ್ದೆ. ನಾಳೆ ಪಾದ್ರಿಗಳಿಗೆ ಹೇಳೋಣ ಅಂದುಕೊಂಡೆ.

ಮೋಡವೂ ಇಲ್ಲದ ಒಂದು ಮಧ್ಯಾಹ್ನ, ಮಕ್ಕಳಿಗೆ ಕಾಗುಣಿತ ಹೇಳಿಸುತ್ತಿದ್ದೆ. ಮೇಜಿನ ಮೇಲಿನ ಸ್ಲೇಟು ಕಟಕಟ ಅಂದಿತು. ಆಮೇಲೆ ಸದ್ದು ಬಂತು. ಕೋಟೆಯಲ್ಲಿ ತೋಪು ಹಾರಿಸಿದರೆಂದು ಮಕ್ಕಳು ಕುಣಿದರು. ನಾನು ಹೊರಗೆ ಓಡಿ ನೋಡಿದರೆ ಗುಡ್ಡದ ನಡುಮಟ್ಟದಿಂದ ಕೆಂಪು ಧೂಳು ಏಳುತ್ತಿತ್ತು. ಹತ್ತಿ ಹೋದಾಗ ಗವಿಯಿದ್ದ ಜಾಗದಲ್ಲಿ ಗವಿ ಇರಲಿಲ್ಲ. ಬಂಡೆ ಕೂತುಬಿಟ್ಟಿತ್ತು. ಅದರ ಅಂಚಿನಿಂದ ದೀಪದ ಎಣ್ಣೆ ಒಂದಿಷ್ಟು ಹರಿದು ಬಂದು ಮಣ್ಣಿಗೆ ಇಂಗುತ್ತಿತ್ತು. ಮುದುಕಿಯನ್ನು ಹೊರತೆಗೆಯುವುದು ಯಾರಿಂದಲೂ ಆಗಲಿಲ್ಲ. ಪಾದ್ರಿಗಳು ಬಂಡೆಯ ಎದುರಿಗೇ ನಿಂತು ಮಣ್ಣು ಮಾಡುವಾಗಿನ ಪ್ರಾರ್ಥನೆ ಓದಿದರು. ಓದಿದ್ದು ಲ್ಯಾಟಿನ್ನಿನಲ್ಲಿ. ಕೊನೆಗೆ ಕನ್ನಡದಲ್ಲಿ, ತಡವರಿಸುತ್ತ, "ಅಮ್ಮ, ಕ್ಷಮಿಸು," ಎಂದರು. ಬಯಲಿನಲ್ಲಿ ಅಮ್ಮನವರು ನಿಂತಲ್ಲೇ ಆಮೇಲೆ ಈಗಿನ ಗವಿ ಕಟ್ಟಿಸಿದರು. ನನ್ನನ್ನು ಅವರು ಕೆಲಸದಿಂದ ತೆಗೆಯಲಿಲ್ಲ. ಹಬ್ಬದ ದಿನದಿಂದೀಚೆಗೆ ಜನರ ಮಾತು ತಿಳಿಸಲು ನನ್ನನ್ನು ಕರೆಯಲೂ ಇಲ್ಲ.

ಆ ವಾರವೇ ಅವನನ್ನು ಹುಡುಕಿಕೊಂಡು ಹೊರಟೆ. ಬಾದನಹಟ್ಟಿಯಲ್ಲಿರಲಿಲ್ಲ. ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾನೆಂದರು. ನದಿಯ ಕಡೆಯ ಹಟ್ಟಿಯ ಮುಂದೆ, ಬೇರೆಯವರು ಸೀಳಿದ ಕಲ್ಲುಗಳ ನಡುವೆ ಕೂತು, ಎತ್ತುಗಳನ್ನು ಕಾಯುತ್ತಿದ್ದ. ಬಲಗೈ ಮೊಣಕೈಯಿಂದ ಸೊಟ್ಟಗೆ ಕೂಡಿತ್ತು. ಬೆರಳು ಮಡಚುತ್ತಿರಲಿಲ್ಲ. ನನ್ನನ್ನು ಕಂಡು ಎದ್ದ.

"ಬಿತ್ತೇನ್ರಿ?" ಎಂದ.

"ಬಿತ್ತು."

"ಯಾವ ಹೊತ್ತಿನಾಗ?"

"ಮಧ್ಯಾಹ್ನ."

ಅವನು ಎತ್ತುಗಳ ಕಡೆ ನೋಡುತ್ತ ಮೆಲ್ಲಗೆ, "ಅವ್ವ?" ಎಂದ.

ದಾರಿಯುದ್ದಕ್ಕೂ ಈ ಪ್ರಶ್ನೆಗೆ ನಾನು ಉತ್ತರ ಕಟ್ಟಿಕೊಂಡು ಬಂದಿದ್ದೆ. ಮುದುಕಿ ಜ್ವರದಿಂದ ಹೋದಳು, ಬಂಡೆ ಬಿದ್ದದ್ದು ಆಮೇಲೆ, ಯಾರಿಗೂ ಏನೂ ಆಗಲಿಲ್ಲ. ಅವನ ಕೈ ಹೋಗಿದೆ, ಇದಾದರೂ ಉಳಿಯಲಿ ಎಂದುಕೊಂಡಿದ್ದೆ. ಅವನ ಮುಖ ನೋಡಿದ ಮೇಲೆ ಹಾಗೆ ಹೇಳಲಾಗಲಿಲ್ಲ.

"ಕೆಳಗಿದ್ದಳು," ಎಂದೆ. "ದೀಪ ಹಚ್ಚೋಕೆ ಹೋಗಿದ್ದಳು. ಬೇಲಿಯಲ್ಲಿ ಸಂದಿ ಆದದ್ದು ನನಗೆ ಗೊತ್ತಿತ್ತು. ಹೇಳಲಿಲ್ಲ. ಮೊದಲ ದಿನ ನೀನು ಹೇಳಿದ್ದನ್ನೂ ನಾನು ಹೇಳಿರಲಿಲ್ಲ."

"ಅದು ಗೊತ್ತಾತ್ರಿ. ಹಬ್ಬದ ದಿನ ದೊರಿ ಮಾರಿ ನೋಡಿದಾಗಲೇ ಗೊತ್ತಾತು." ಎಡಗೈಯಿಂದ ಒಂದು ಕಲ್ಲುಚೂರು ಎತ್ತಿ ಬದಿಗಿಟ್ಟ. "ಆ ಪಟಾನ ಯಾರೂ ಕೆಳಗ ತರಲಿಲ್ಲೇನ್ರಿ? ಹರಿದ್ರ ಹರೀತಿತ್ತು. ಬಿಸಿನೀರು ಹಚ್ಚಿ ಬಿಡಿಸಿದ್ರ ಬರತಿತ್ತು."

"ಯಾರೂ ತರಲಿಲ್ಲ."

ಅವನು ತಲೆಯಾಡಿಸಿದ. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಬಿಸಿಲಲ್ಲಿ ನಿಂತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಭಾಳ ದೂರದಿಂದ ನಡದು ಬಂದೀರಿ, ಕುಂದರ್ರಿ," ಎಂದು ಒಳಗೆ ಹೋದ. ತಂಬಿಗೆಯಲ್ಲಿ ನೀರು ತಂದು, ನನ್ನ ಜಾತಿ ನೆನಪಾದಂತೆ ಒಂದು ಗಳಿಗೆ ತಡೆದ. ನಾನು ಕೈ ಚಾಚಿದೆ.

"ಎಡಗೈ ಐತ್ರಿ," ಎಂದ ಅವನು, ತಂಬಿಗೆ ಮುಂದಕ್ಕೆ ಹಿಡಿದು. "ಏನೂ ತಿಳ್ಕೋಬ್ಯಾಡ್ರಿ."

ಎರಡೂ ಕೈಯಲ್ಲಿ ಇಸಿದುಕೊಂಡು, ಅಲ್ಲೇ ಕಲ್ಲಿನ ಮೇಲೆ ಕೂತು, ತಂಬಿಗೆ ಬರಿದಾಗುವವರೆಗೆ ಕುಡಿದೆ.